ಒಂದೇ ಕಲಂನಡಿ ಸಿಲುಕಿದ ಒಲವು ಮತ್ತು ದೌರ್ಜನ್ಯ: ಚಿತ್ರಕಲೆ ಬಿಡಿಸಿದ ಗಂಟು

ಕಾಸರಗೋಡಿನವರಿಗೆ ನೋವಿನ ಚಿತ್ರಗಳು ಹೊಸತಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಕ್ರೌರ್ಯ ಹೊರಲೋಕಕ್ಕೆ ಮನದಟ್ಟಾದುದರಲ್ಲಿ ಸಂತ್ರಸ್ತ ಮಕ್ಕಳ ಛಾಯಾಚಿತ್ರಗಳ ಪಾಲು ದೊಡ್ಡದು. ಆದರೆ ಲೈಂಗಿಕ ದೌರ್ಜನ್ಯದಿಂದ ಪಾರಾಗಿ ಬಂದವರು, ಅದರಲ್ಲೂ ಸಲಿಂಗಪ್ರೇಮಿಗಳು ಮತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು, ತಮ್ಮ ಪಾಡನ್ನು ಚಿತ್ರವಾಗಿಸಿ ಎಲ್ಲರೆದುರು ಇಡುವುದು ಬಹುಕಾಲ ಸುಲಭವಿರಲಿಲ್ಲ.

ಇದಕ್ಕೆ ಕಾನೂನೂ ಕಾರಣ. ‘ಪ್ರಕೃತಿ ವಿರುದ್ಧ’ ಲೈಂಗಿಕತೆಯನ್ನು ಅಪರಾಧವೆಂದ, 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಒಪ್ಪಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪರಸ್ಪರ ಒಲಿದ ಇಬ್ಬರು ಗಂಡಸರೂ ಹುಡುಗನೊಬ್ಬನ ಮೇಲೆರಗಿದ ದುರುಳನೂ ಅದರ ಪಾಲಿಗೆ ಒಂದೇ ಬಗೆಯ ಅಪರಾಧಿಗಳಾಗಿದ್ದರು. ಆ ಹುಡುಗ ಬಾಯಿಬಿಟ್ಟರೆ ಕಳಂಕ ಅವನಿಗೂ ಮೆತ್ತಿಕೊಳ್ಳುತ್ತಿತ್ತು, ಬೆಳೆದ ಮೇಲೆ ಗಂಡಸನ್ನೇ ಪ್ರೀತಿಸಿದರೆ ಆ ದೌರ್ಜನ್ಯವೇ ಅವನನ್ನು ಹೀಗೆ ಮಾಡಿತೆಂಬ ಮಾತು ಹುಟ್ಟುತ್ತಿತ್ತು. ಈ ಮಾತು ಸುಳ್ಳು, ಕ್ರೂರವೂ ಹೌದು. ಹುಡುಗ, ಹುಡುಗಿಯೆಂಬ ಭೇದವಿಲ್ಲದೆ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಬಂದುದು 2012ರಲ್ಲಿ. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಸಾರಿದ್ದು 2018ರ ಸೆಪ್ಟೆಂಬರ್ 6ರಂದು.

ಕಲೆ ಅಷ್ಟು ಕಾಲ ಕಾಯಲಿಲ್ಲ. ಬರೋಡಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಲೇ ಚಿತ್ರ ಬರೆಯುತ್ತಿದ್ದ ಭೂಪೇನ್ ಖಖ್ಖರ್ (1934–2003) ಅವರು 1982ರ ‘ಟೂ ಮೆನ್ ಇನ್ ಬೆನಾರಸ್’ ಚಿತ್ರದಲ್ಲಿ, ಪೂಜೆ ಪುನಸ್ಕಾರಗಳ ನಿತ್ಯದ ಬದುಕಿನ ಪಕ್ಕದಲ್ಲೇ, ಬೆತ್ತಲೆಯಾಗಿ ಅಪ್ಪಿ ನಿಂತ ಇಬ್ಬರು ಗಂಡಸರನ್ನು ತೋರಿಸಿದರು. ಅಲ್ಲಿದ್ದುದು ಒಲವು. ಹಿಂಸೆಯ ನೆನಪನ್ನು ಕೇರಳದಲ್ಲಿ ನೇರವಾಗಿ ಎತ್ತಿಕೊಂಡವರು ಕಲಾವಿದ ಆರ್ಯಕೃಷ್ಣನ್. 2012ರಲ್ಲಿ ಕೊಲ್ಲಂನಲ್ಲಿ ಕೊಲೆಯಾದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಸ್ವೀಟ್ ಮರಿಯಾ ಅವರ ಹೆಸರಿನಲ್ಲಿ, 2018ರ ಕೊಚ್ಚಿ ಬಿನಾಲೆ ಕಲಾ ಪ್ರದರ್ಶನದಲ್ಲಿ ಅವರು ಕಟ್ಟಿದ ಸ್ಮಾರಕ ಪ್ರತಿಮೆಯಾಗಿರಲಿಲ್ಲ. ಜನ ಬಂದು ಕುಳಿತು, ಓದಿ, ಮಾತಾಡಬಹುದಾದ ಜಾಗವಾಗಿತ್ತು. ಸತ್ತವರ ಗಾಯವನ್ನು ಪ್ರದರ್ಶನಕ್ಕಿಡದೆ ಅವರ ಬಳಗವನ್ನು ಒಟ್ಟುಗೂಡಿಸಿದ ಈ ಆಯ್ಕೆಯೇ ನನಗೆ ಬಹಳ ಮುಖ್ಯವೆನಿಸುತ್ತದೆ.

ಎಂಡೋಸಲ್ಫಾನ್ ಚಿತ್ರಗಳಲ್ಲಿ ಕ್ಯಾಮೆರಾ ಇನ್ನೊಬ್ಬರ ಕೈಯಲ್ಲಿತ್ತು. ಪಾರಾಗಿ ಬಂದವರು ತಾವೇ ಕುಂಚ ಹಿಡಿದಾಗ ಮುಖ ತೋರಿಸಬೇಕೇ, ಹೆಸರು ಹೇಳಬೇಕೇ ಎಂಬುದನ್ನೂ ಅವರೇ ನಿರ್ಧರಿಸುತ್ತಾರೆ. ಕಾನೂನಿನಲ್ಲಂತೂ ಹೊಸ ಕಂದರ ಬಿದ್ದಿದೆ: 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಬದಲಿ ಕಲಂ ಇಲ್ಲದ ಕಾರಣ, ವಯಸ್ಕ ಗಂಡಸಿನ ಮೇಲಿನ ಅತ್ಯಾಚಾರಕ್ಕೆ ಪ್ರತ್ಯೇಕ ಅಪರಾಧದ ಹೆಸರೇ ಉಳಿದಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯ್ದೆಯು ಗೊತ್ತುಪಡಿಸಿದ ಗರಿಷ್ಠ ಶಿಕ್ಷೆ ಎರಡೇ ವರ್ಷ.