ಕಂದೀಲು ಅಂದರೆ ಲಾಟೀನೋ, ಆಕಾಶಬುಟ್ಟಿಯೋ?

ಎರಡೂ. ದೀಪಾವಳಿ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಉತ್ತರ ಮಾತ್ರ ಬದಲಾಗುವುದಿಲ್ಲ. ಧಾರವಾಡ, ಕಲಬುರಗಿ ಕಡೆ ಕಂದೀಲು ಅಂದರೆ ಗಾಜಿನ ಬುರುಡೆ, ತಂತಿಯ ಹಿಡಿ ಇರುವ ಸೀಮೆಎಣ್ಣೆ ದೀಪ. ಅದೇ ಮೈಸೂರು ಸೀಮೆಯವರ ಲಾಟೀನು, ಲಾಂದ್ರ. ಮರಾಠಿಯ ಆಕಾಶಕಂದೀಲ ಅಂದರೆ ಮನೆ ಮುಂದೆ ತೂಗುಹಾಕುವ ಕಾಗದದ ಗೂಡುದೀಪ; ಬೆಳಗಾವಿಯ ಕನ್ನಡಿಗರಿಗೆ ಈ ಅರ್ಥವೂ ಗೊತ್ತು. ಯಾರ ಮಾತೂ ತಪ್ಪಲ್ಲ.

ತಪ್ಪಿರುವುದು ಪ್ರಶ್ನೆಯ ಬಾಲದಲ್ಲಿ: ‘ಹೇಗೂ ಅದು ಇಂಗ್ಲಿಷಿನ ಕ್ಯಾಂಡಲ್ ಕೆಟ್ಟು ಆದ ಪದ ತಾನೇ?’ ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಸಾಯುತ್ತಿಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಇಂಗ್ಲಿಷಿನ ‘ಡ’ ನಮ್ಮ ಬಾಯಲ್ಲಿ ಸಾಮಾನ್ಯವಾಗಿ ‘ಡ’ ಆಗಿಯೇ ಉಳಿಯುತ್ತದೆ: ಡಾಕ್ಟರು, ರೋಡು, ಬ್ಯಾಂಡು. ಅರಬ್ಬಿಯಿಂದ ಬಂದ ದಾಖಲೆ, ದೌಲತ್ತು, ಅದಾಲತ್ತುಗಳಲ್ಲಿ ‘ದ’. ಕಂದೀಲಿನಲ್ಲಿ ಇರುವುದು ಯಾವುದು, ನೀವೇ ಉಚ್ಚರಿಸಿ ನೋಡಿ. ಕ್ಯಾಂಡಲ್ ಸವೆದಿದ್ದರೆ ‘ಕ್ಯಾಂಡ್ಲು’ ಆಗಬೇಕಿತ್ತು. ಆ ‘ದೀ’ಯ ದೀರ್ಘ ಹುಟ್ಟುತ್ತಲೇ ಇರಲಿಲ್ಲ. ಅರಬ್ಬಿಯ ಕಿಂದೀಲ್, ಪಾರಸಿ ಮತ್ತು ಉರ್ದುವಿನ ಕಂದೀಲ್‌ಗಳಲ್ಲಿ ಅದು ಮೊದಲಿಂದಲೂ ಇದೆ. ಅರ್ಥವನ್ನೂ ನೋಡಿ. ಕ್ಯಾಂಡಲ್ ಅಂದರೆ ಮೇಣದಬತ್ತಿ, ಕಂದೀಲ್ ಅಂದರೆ ಎಣ್ಣೆಯ ದೀಪ. ಟರ್ಕಿಯಲ್ಲಿ ಮಸೀದಿಯ ಮಿನಾರುಗಳಿಗೆ ದೀಪ ಹಚ್ಚುವ ಪವಿತ್ರ ರಾತ್ರಿಗಳಿಗೂ ಕಂದೀಲ್ ಎಂದೇ ಹೆಸರು.

ಹಾಗಾದರೆ ಹೋಲಿಕೆ ಎಲ್ಲಿಂದ? ಲ್ಯಾಟಿನ್ನಿನ ‘ಕಂದೇಲ’ ಗ್ರೀಕಿನ ಮೂಲಕ ಅರಬ್ಬಿಗೆ ಹೋಯಿತು, ಬೇರೆ ದಾರಿಯಲ್ಲಿ ಇಂಗ್ಲಿಷಿಗೂ ಹೋಯಿತು. ಬೆಳಕಿನ ತೀವ್ರತೆಯ ಮಾನವಾದ ಕ್ಯಾಂಡೆಲಾ ಕೂಡ ಅದೇ ಲ್ಯಾಟಿನ್ ಪದ. ಆದರೆ ನಮಗೆ ಇಂಗ್ಲಿಷ್ ಪಠ್ಯದಿಂದ ಬಂದದ್ದರಿಂದ ‘ಡ’ ಹೊತ್ತು ತಂದಿದೆ.

ಇನ್ನು ಕಂದೀಲಿನ ಬುರುಡೆ ಯಾಕೆ ಕಪ್ಪಾಗುತ್ತದೆ? ಅದನ್ನೂ ಹೇಳಿಬಿಡುತ್ತೇನೆ. ಹಚ್ಚಿದ ಕೂಡಲೇ ಬತ್ತಿ ಏರಿಸುತ್ತೀರಿ. ತುಸು ಹೊತ್ತಿಗೆ ಬತ್ತಿಯ ಗೂಡು ಕಾಯುತ್ತದೆ, ಎಣ್ಣೆ ಹೆಚ್ಚು ಆವಿಯಾಗಿ ಉರಿ ತಾನಾಗಿಯೇ ಬೆಳೆಯುತ್ತದೆ, ಗಾಳಿ ಸಾಲದೆ ಮಸಿ ಕಟ್ಟುತ್ತದೆ. ಮೊದಲ ಐದು ನಿಮಿಷ ಉರಿ ಸಣ್ಣದಿರಲಿ. ಚಪ್ಪಟೆ ಬತ್ತಿಯನ್ನು ನೇರ ಕತ್ತರಿಸಿ, ಎರಡು ಮೂಲೆಗಳನ್ನು ಚೂರೇ ಚೂರು ಸವರಿ. ಇಲ್ಲದಿದ್ದರೆ ಉರಿಗೆ ಕೊಂಬು ಮೂಡಿ ಗಾಜಿನ ಒಂದೇ ಪಕ್ಕ ಕಪ್ಪಾಗುತ್ತದೆ. ಆಮೇಲೂ ಹೊಗೆ ಬಂದರೆ ಗೂಡಿನ ಕೆಳಗಿನ ಗಾಳಿತೂತುಗಳಲ್ಲಿ ಸತ್ತ ಹುಳು ಸಿಕ್ಕಿರುತ್ತವೆ, ಒಣ ಬ್ರಷ್ಷಿನಿಂದ ತೆಗೆಯಿರಿ.