ಕಾಫಿ ಹೂವಿನ ವಿಡಿಯೋ ಮತ್ತು ಇಂಗ್ಲಿಷ್ ಬರೆಯುವ ಧೈರ್ಯ

ಚಿಕ್ಕಮಗಳೂರು ಕಡೆಯ ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷ್ ಪ್ರಬಂಧವನ್ನು ಬರೆಯುವುದಕ್ಕಿಂತ ಬೈಹಾರ್ಟ್ ಮಾಡುವುದೇ ಜಾಸ್ತಿ. ಗೈಡಿನಲ್ಲಿದ್ದದ್ದೇ ಪರೀಕ್ಷೆಗೆ ಬಂದರೆ ಬಚಾವ್. ಬೇರೆ ಬಂತೋ, ಪೆನ್ನು ಮುಂದೆ ಹೋಗುವುದಿಲ್ಲ. ಗ್ರಾಮರ್ ಬರದಿರುವುದೇ ಕಾರಣ ಅನ್ನುತ್ತೇವೆ. ಗ್ರಾಮರ್ ಬಲ್ಲವರೂ ಹೆದರುತ್ತಾರಲ್ಲ! ಈ ಭಯವನ್ನು ಅಳೆಯಲೆಂದೇ ಅಮೆರಿಕದ ಸಂಶೋಧಕರಾದ ಡೇಲಿ ಮತ್ತು ಮಿಲ್ಲರ್ 1975ರಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದರು.

ಬರೆಯುವಾಗ ತಲೆಗೆ ಕೆಲಸ ಒಂದೆರಡಲ್ಲ. ಏನು ಹೇಳಬೇಕು, ಯಾವುದು ಮೊದಲು, ಪದ ಯಾವುದು, ಸ್ಪೆಲಿಂಗ್ ಏನು. ನಾವು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ನಾಲ್ಕು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಅದರಲ್ಲೂ ‘ತಪ್ಪಾದರೆ ನಗುತ್ತಾರೆ’ ಅನ್ನುವ ಚಿಂತೆ ಒಂದಿಷ್ಟು ಜಾಗ ತಿನ್ನುತ್ತದೆ.

ಬರೀ ಪ್ರಬಂಧ ಬರೆಸುವ ಬದಲು ಮಕ್ಕಳಿಂದ ಇಂಗ್ಲಿಷ್ ಮಾತಿರುವ ಪುಟ್ಟ ವಿಡಿಯೋ ಮಾಡಿಸಿದರೆ ಈ ಕೆಲಸಗಳು ಬೇರೆ ಬೇರೆಯಾಗುತ್ತವೆ. ಮೂಡಿಗೆರೆ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯ ಫೋನಿನಲ್ಲಿ ಕಾಫಿ ಹೂವಿನ ವಿಡಿಯೋ ಮಾಡುತ್ತಾಳೆ ಅಂದುಕೊಳ್ಳಿ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅದನ್ನು ಅವಳಿಗೆ ಯಾವ ಗೈಡೂ ಹೇಳಿಕೊಡಬೇಕಿಲ್ಲ. ಮೊದಲು ಮಳೆ, ಆಮೇಲೆ ಮೊಗ್ಗು, ಹೂವು, ಜೇನು. ಚಿತ್ರ ಜೋಡಿಸುವಾಗಲೇ ಪ್ರಬಂಧದ ಕ್ರಮವೂ ಸಿದ್ಧ.

ಇನ್ನು ಚಿತ್ರದ ಜೊತೆ ಓದುವ ಮಾತು. ಅವಳು ಬರೆದದ್ದು: ‘ಆಫ್ಟರ್ ದ ರೈನ್ ಫ್ಲವರ್ ಈಸ್ ಕಮಿಂಗ್ ವೆರಿ ವೈಟ್ ಅಂಡ್ ಸ್ಮೆಲ್ ಈಸ್ ಆಲ್ಸೋ ಕಮಿಂಗ್.’ ಹದಿಮೂರು ಪದ. ಹೂವಿನ ದೃಶ್ಯ ಇರುವುದು ನಾಲ್ಕೇ ಸೆಕೆಂಡ್. ನಿಮಿಷಕ್ಕೆ 150 ಪದದಂತೆ ಓದಿದರೂ ಅಷ್ಟರಲ್ಲಿ ಹತ್ತು ಪದ ಹಿಡಿಸುತ್ತದೆ. ಕತ್ತರಿಸಲೇಬೇಕು. ‘ಆಫ್ಟರ್ ದ ರೈನ್, ದ ಫ್ಲವರ್ಸ್ ಓಪನ್. ದೇ ಸ್ಮೆಲ್ ಸ್ವೀಟ್.’ ಒಂಬತ್ತೇ ಪದ, ವಾಕ್ಯವೂ ಚೊಕ್ಕ. ನೋಟ್‌ಬುಕ್ಕಿನಲ್ಲಿ ‘ತಿದ್ದಿ ಬರಿ’ ಅಂದರೆ ಅದು ಶಿಕ್ಷೆ. ಇಲ್ಲಿ ತಿದ್ದುವುದು ವಿಡಿಯೋ ಮಾಡುವ ಕೆಲಸದಲ್ಲೇ ಸೇರಿಹೋಯಿತು. ಹಾಗಂತ ಗ್ರಾಮರ್ ಪ್ರತಿಸಲ ತಾನಾಗಿ ಸರಿಹೋಗುವುದಿಲ್ಲ. ಮೇಷ್ಟ್ರು ನೋಡಲೇಬೇಕು.

ನನಗೆ ಹೆಚ್ಚು ಇಷ್ಟವಾಗುವುದು ಸಬ್‌ಟೈಟಲ್ ಹಂತ. ಮೆಷಿನ್ನು ತಾನೇ ಹಾಕುವ ಅಕ್ಷರಗಳಲ್ಲಿ ಮುಳ್ಳಯ್ಯನಗಿರಿ ಏನೇನೋ ಆಗಿಬಿಡಬಹುದು. ಯಾವಾಗಲೂ ಕೆಂಪು ಇಂಕಿನ ಏಟು ತಿಂದ ಹುಡುಗಿ ಈಗ ಕಂಪ್ಯೂಟರಿನ ತಪ್ಪು ತಿದ್ದುತ್ತಾಳೆ! ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರ. ‘ನನ್ನ ಕೈಲಾಗುತ್ತೆ’ ಅನ್ನುವ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ಸ್ವತಃ ಮಾಡಿ ಗೆದ್ದಾಗ. ತನ್ನಂಥವರೇ ಮಾಡಿದ್ದನ್ನು ನೋಡಿದರೂ ಬರುತ್ತದೆ. ಅದಕ್ಕೇ ಪಕ್ಕದ ಬೆಂಚಿನವಳ ವಿಡಿಯೋ ಕೂಡ ಪಾಠವೇ. ಸುಮ್ನೆ ‘ವೆರಿ ಗುಡ್’ ಅಂದರೆ ಅಷ್ಟು ಬಲ ಇಲ್ಲ.

ಕೆಲವರಿಗೆ ರೆಕಾರ್ಡ್ ಆದ ತಮ್ಮ ದನಿ ಕೇಳಿದರೇ ನಾಚಿಕೆ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಲಕವೂ ಕಿವಿಗೆ ಬರುತ್ತದೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ, ಹಾಗಾಗಿ ತೆಳುವಾಗಿ ಕೇಳುತ್ತದೆ. ಅಂಥವರ ಸ್ಕ್ರಿಪ್ಟನ್ನು ಗೆಳತಿ ಓದಲಿ. ಮುಖ ತೋರಿಸಬೇಕೆಂದೂ ಇಲ್ಲ. ಆದರೆ ಮ್ಯೂಸಿಕ್, ಫಿಲ್ಟರ್ ಅಂತ ಕೂತರೆ ಇಡೀ ಪೀರಿಯಡ್ಡು ಅದಕ್ಕೇ ಹೋಗುತ್ತದೆ. ಬರೆದ ಸ್ಕ್ರಿಪ್ಟ್ ಮೇಷ್ಟ್ರ ಕೈಗೆ ಬರುವವರೆಗೆ ಎಡಿಟಿಂಗ್ ಆ್ಯಪ್ ತೆರೆಯಲು ಬಿಡಬಾರದು.