ಶ್ರೀಗಂಧದ ಬೀಜ ಮೊಳೆಯಲು ಹಕ್ಕಿಯ ಹೊಟ್ಟೆ ಬೇಕೇ?

ಪ್ರಶ್ನೆ: ಮನೆಯ ಹಿತ್ತಿಲಿನಲ್ಲಿರುವ ಶ್ರೀಗಂಧದ ಮರದಿಂದ ಹಣ್ಣು ಆಯ್ದು, ತಿರುಳು ತೆಗೆದು, ಮರುದಿನವೇ ಕುಂಡದಲ್ಲಿ ಬಿತ್ತಿದೆ. 40 ದಿನ ಕಳೆದರೂ ಒಂದು ಬೀಜವೂ ಮೊಳೆತಿಲ್ಲ. ಹಕ್ಕಿ ತಿಂದು ಹಿಕ್ಕೆಯಲ್ಲಿ ಹಾಕಿದ ಬೀಜ ಮಾತ್ರ ಮೊಳೆಯುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಅಂಥ ಬೀಜ ಎಲ್ಲಿ ಸಿಗುತ್ತದೆ?

ಉತ್ತರ: ಶ್ರೀಗಂಧ ವರ್ಷಕ್ಕೆ ಎರಡು ಬಾರಿ ಹಣ್ಣು ಬಿಡುತ್ತದೆ, ಈ ಪ್ರಶ್ನೆಯೂ ವರ್ಷಕ್ಕೆ ಎರಡು ಬಾರಿ ತಪ್ಪದೆ ಬರುತ್ತದೆ. ಕುಂಡದ ಜಾಗದಲ್ಲಿ ಮಡಿ ಇರಬಹುದು, 40ರ ಜಾಗದಲ್ಲಿ 25 ಇರಬಹುದು, ಆದರೆ ಹಕ್ಕಿ ಮಾತ್ರ ಎಂದೂ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ: ಹಕ್ಕಿ ಬೇಕಾಗಿಲ್ಲ, ನಿಮ್ಮ ಬೀಜ ಸತ್ತಿರುವ ಸಾಧ್ಯತೆಯೂ ಕಡಿಮೆ. ನೀವು ಬಿತ್ತಿದ್ದು ಇನ್ನೂ ನಿದ್ದೆಯಲ್ಲಿರುವ ಬೀಜವನ್ನು. ದಯವಿಟ್ಟು ದಿನವೂ ಮಣ್ಣು ಕೆದಕಿ ನೋಡಬೇಡಿ.

ಮರದಿಂದ ಆಗಷ್ಟೇ ಇಳಿದ ಶ್ರೀಗಂಧದ ಬೀಜಕ್ಕೆ ಸುಮಾರು ಎರಡು ತಿಂಗಳ ಸುಪ್ತಾವಸ್ಥೆ ಇರುತ್ತದೆ. ಈ ಅವಧಿಯಲ್ಲಿ ನೀರು, ಗಾಳಿ, ಬಿಸುಪು ಎಲ್ಲವೂ ಹದವಾಗಿ ದೊರೆತರೂ ಒಳಗಿನ ಭ್ರೂಣ ಬೆಳೆಯಲು ಒಪ್ಪುವುದಿಲ್ಲ. ಅನುಭವಿಗಳು ಕಪ್ಪುನೇರಳೆ ಬಣ್ಣಕ್ಕೆ ತಿರುಗಿದ ಹಣ್ಣನ್ನು ನೀರಿನಲ್ಲಿ ಕಿವುಚಿ, ತಿರುಳನ್ನು ಪೂರ್ತಿ ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಎರಡು ತಿಂಗಳು ತೆಗೆದಿಟ್ಟು ಆಮೇಲೆ ಬಿತ್ತುವುದು ಇದೇ ಕಾರಣಕ್ಕೆ. ಹಾಗೆಂದು ವರ್ಷಗಟ್ಟಲೆ ಡಬ್ಬಿಯಲ್ಲಿ ಇಡುವಂತೆಯೂ ಇಲ್ಲ, ಏಕೆಂದರೆ ಸಾಮಾನ್ಯವಾಗಿ ಮನೆಯಲ್ಲಿಟ್ಟ ಬೀಜದ ಜೀವ ಒಂಬತ್ತು ತಿಂಗಳು ದಾಟಿದ ಮೇಲೆ ನಂಬುವಂತಿರುವುದಿಲ್ಲ. ಸರಿಯಾದ ಸಮಯದಲ್ಲಿ ಬಿತ್ತಿದರೂ ಎಲ್ಲ ಬೀಜಗಳು ಒಟ್ಟಿಗೆ ಏಳುವುದಿಲ್ಲ. ಮೊದಲನೆಯದು ಒಂದು ತಿಂಗಳಿಗೆ ತಲೆ ಎತ್ತಿದರೆ ಕೊನೆಯದು ಮೂರು ತಿಂಗಳಿಗೆ ಎತ್ತಬಹುದು.

ಈಗ ಹಕ್ಕಿಯ ವಿಷಯ. ಕೈಯಿಂದ ತೊಳೆದ ಬೀಜದಿಂದಲೇ ನರ್ಸರಿಗಳು ಪ್ರತಿ ವರ್ಷ ಸಾವಿರಾರು ಶ್ರೀಗಂಧದ ಸಸಿಗಳನ್ನು ಎಬ್ಬಿಸುತ್ತಿವೆ, ಅಲ್ಲಿ ಯಾರೂ ಪಿಕಳಾರಗಳನ್ನು ಪಂಜರದಲ್ಲಿ ಸಾಕಿಕೊಂಡಿಲ್ಲ. ವಾದ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಈ ನಂಬಿಕೆ ಸಾಯದಿರುವುದಕ್ಕೆ ಕಾರಣಗಳಿವೆ, ಮತ್ತು ಅವು ಮೂರ್ಖ ಕಾರಣಗಳೂ ಅಲ್ಲ. ಬೇಲಿಯ ಸಾಲಿನಲ್ಲಿ, ಪೊದೆಗಳ ಬುಡದಲ್ಲಿ, ಯಾರೂ ನೆಡದ ಕಡೆ ಶ್ರೀಗಂಧ ತಾನಾಗಿ ಎದ್ದಿರುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅಲ್ಲಿಗೆ ಬೀಜ ತಂದದ್ದು ಹಕ್ಕಿಯೇ ಎಂಬುದೂ ನಿಜ. ಇನ್ನೊಂದು ಕಡೆ, ತಾವೇ ಆಯ್ದು ತಂದು ಬಿತ್ತಿದ ಬೀಜ ಮೊಳೆಯದಿರುವುದನ್ನೂ ಕಂಡಿದ್ದಾರೆ. ಎರಡನ್ನೂ ಕೂಡಿಸಿ, ಬೀಜಕ್ಕೆ ಹಕ್ಕಿಯ ಹೊಟ್ಟೆಯ ಸಂಸ್ಕಾರ ಬೇಕು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಕಂಡದ್ದು ಸರಿ, ಕೂಡಿಸಿದ ಲೆಕ್ಕ ತಪ್ಪು.

ಲೆಕ್ಕ ಎಲ್ಲಿ ತಪ್ಪಿತೆಂದರೆ, ನೀವು ಬಿತ್ತಿದ ಬೀಜದ ವಯಸ್ಸು ಒಂದು ದಿನ. ಬೇಲಿಯ ಬುಡದಲ್ಲಿ ಮಳೆಗಾಲಕ್ಕೆ ಮೊಳೆತದ್ದು ಬೇಸಿಗೆಯಿಂದಲೂ ಅಲ್ಲೇ ಬಿದ್ದುಕೊಂಡು, ಎರಡು ಮೂರು ತಿಂಗಳು ನಿದ್ದೆ ಮುಗಿಸಿದ ಬೀಜ. ಹಿಕ್ಕೆಯಿಂದ ಆಯ್ದು ತಂದ ಬೀಜವೂ ಹೀಗೆಯೇ ಎಷ್ಟು ದಿನ ನೆಲದ ಮೇಲಿತ್ತೋ ಯಾರಿಗೂ ತಿಳಿಯದು. ಎರಡು ಬೇರೆ ವಯಸ್ಸಿನ ಬೀಜಗಳನ್ನು ಹೋಲಿಸಿ, ಆ ವ್ಯತ್ಯಾಸದ ಶ್ರೇಯಸ್ಸನ್ನು ಹಕ್ಕಿಯ ಹೊಟ್ಟೆಗೆ ಕಟ್ಟುತ್ತಿದ್ದೇವೆ. ಸಾಲದೆಂಬಂತೆ, ಹಕ್ಕಿ ಹಾಕಿದ ಬೀಜಗಳಲ್ಲಿ ನಮಗೆ ಕಾಣುವುದು ಮೊಳೆತವು ಮಾತ್ರ. ಬಂಡೆಯ ಮೇಲೆ, ಹೆಂಚಿನ ಮೇಲೆ, ರಸ್ತೆಯ ಮೇಲೆ ಬಿದ್ದು ಹಾಳಾದ ಬೀಜಗಳನ್ನು ಎಣಿಸಿದವರು ಯಾರು? ಕುಂಡದಲ್ಲಿ ಮಾತ್ರ ಸೋತ ಬೀಜಗಳನ್ನೂ ಒಂದೊಂದಾಗಿ ಎಣಿಸಿ ಕೊರಗುತ್ತೇವೆ.

ಹೊಟ್ಟೆಯ ಆಮ್ಲ ಗಟ್ಟಿ ಚಿಪ್ಪನ್ನು ಸವೆಸುತ್ತದೆ ಎಂಬ ವಿವರಣೆಯನ್ನು ಓದಿದವರು ಹೆಚ್ಚಾಗಿ ಮುಂದಿಡುತ್ತಾರೆ. ಪಿಕಳಾರದಂಥ ಸಣ್ಣ ಹಣ್ಣುಬಾಕ ಹಕ್ಕಿಗಳ ಹೊಟ್ಟೆಯಲ್ಲಿ ಬೀಜ ಉಳಿಯುವ ಅವಧಿಯನ್ನು ನಿಮಿಷಗಳಲ್ಲಿ ಹೇಳಬೇಕೇ ಹೊರತು ದಿನಗಳಲ್ಲಲ್ಲ. ಅಷ್ಟರಲ್ಲಿ ಅವು ಸುಲಿಯುವುದು ತಿರುಳನ್ನು, ಚಿಪ್ಪನ್ನಲ್ಲ. ತಿರುಳು ಹೋಗುವುದರಿಂದ ಲಾಭವಿದೆ ನಿಜ, ಏಕೆಂದರೆ ತಿರುಳಿನೊಂದಿಗೆ ಬಿತ್ತಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಆದರೆ ಆ ಕೆಲಸಕ್ಕೆ ಒಂದು ಬೋಗುಣಿ ನೀರು, ಎರಡು ಕೈ ಸಾಕು. ಮುಖ್ಯ ಬೀಗ ಇರುವುದು ಚಿಪ್ಪಿನಲ್ಲಲ್ಲ, ಒಳಗೆ. ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯ ಹಾರ್ಮೋನಿನ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದ ಬೀಜ ಬೇಗನೆ, ಹೆಚ್ಚುಕಡಿಮೆ ಒಟ್ಟಿಗೇ ಮೊಳೆಯುತ್ತದೆ. ಹೆಸರಿನಲ್ಲಿ ಆಮ್ಲವಿದ್ದರೂ ಅದು ಚಿಪ್ಪನ್ನು ಸವೆಸುವ ವಸ್ತುವೇ ಅಲ್ಲ. ಚಿಪ್ಪನ್ನು ಮೆಲ್ಲಗೆ ಬಿರುಕು ಬಿಡಿಸಿದರೂ ಸ್ವಲ್ಪ ಬೇಗ ಮೊಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಆ ಕೆಲಸದಲ್ಲಿ ಒಳಗಿನ ತಿರುಳಿಗೆ ಗಾಯವಾಗಿ ಕೊಳೆಯುವ ಬೀಜಗಳೂ ಇರುತ್ತವೆ, ಹೊಸಬರು ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಈ ತಪ್ಪು ಲೆಕ್ಕವನ್ನು ಹಳ್ಳಿಯವರಷ್ಟೇ ಮಾಡಿದ್ದಲ್ಲ ಎಂಬ ಸಮಾಧಾನ ನಿಮಗಿರಲಿ. 1977ರಲ್ಲಿ ಸ್ಟ್ಯಾನ್ಲಿ ಟೆಂಪಲ್ ಎಂಬ ವಿಜ್ಞಾನಿ, ಮಾರಿಷಸ್ ದ್ವೀಪದ ತಂಬಲಕೋಕ್ ಮರದ ಬೀಜ ಮೊಳೆಯಬೇಕಾದರೆ ಅದು ಡೋಡೋ ಹಕ್ಕಿಯ ಹೊಟ್ಟೆಯನ್ನು ಹಾದು ಬರಬೇಕಿತ್ತು, ಹದಿನೇಳನೆಯ ಶತಮಾನದಲ್ಲಿ ಡೋಡೋ ಅಳಿದದ್ದರಿಂದಲೇ ಮರವೂ ಅಳಿವಿನ ಅಂಚಿಗೆ ಬಂದಿದೆ ಎಂದು ಪ್ರಕಟಿಸಿದರು. ಡೋಡೋ ಇಲ್ಲದ್ದರಿಂದ ಟರ್ಕಿ ಕೋಳಿಗಳಿಗೆ 17 ಬೀಜಗಳನ್ನು ನುಂಗಿಸಿದರು. 7 ಬೀಜ ಪುಡಿಯಾದವು, ಉಳಿದ 10ರಲ್ಲಿ 3 ಮೊಳೆತವು. ಕಥೆ ಎಷ್ಟು ಚೆನ್ನಾಗಿತ್ತೆಂದರೆ ಪಠ್ಯಪುಸ್ತಕಗಳಿಗೂ ಸೇರಿತು. ಆದರೆ ಕೋಳಿಗೆ ತಿನ್ನಿಸದ ಬೀಜಗಳನ್ನು ಪಕ್ಕದಲ್ಲೇ ಬಿತ್ತಿ ಹೋಲಿಸಿ ನೋಡಿರಲಿಲ್ಲ. ಯಾವ ಹಕ್ಕಿಯ ನೆರವೂ ಇಲ್ಲದೆ ಆ ಬೀಜ ಮೊಳೆಯುತ್ತದೆ, ಡೋಡೋ ಅಳಿದ ಮೇಲೆ ಹುಟ್ಟಿದ ಮರಗಳೂ ಆ ದ್ವೀಪದಲ್ಲಿವೆ ಎಂದು ಆಮೇಲೆ ಇತರರು ತೋರಿಸಿಕೊಟ್ಟರು. ನಮ್ಮೂರಿನ ಪಿಕಳಾರದ ಕಥೆಯಲ್ಲಿಯೂ ಕಾಣೆಯಾಗಿರುವುದು ಪಕ್ಕದಲ್ಲಿ ಇಡಬೇಕಿದ್ದ ಆ ಎರಡನೆಯ ಕುಂಡವೇ. ಅನುಮಾನವಿದ್ದವರು ಒಂದೇ ಮರದ, ಒಂದೇ ವಾರದ ಬೀಜಗಳನ್ನು ತಿರುಳು ಸಹಿತ ಒಂದು ಕುಂಡದಲ್ಲಿ, ತೊಳೆದು ಎರಡು ತಿಂಗಳು ಇಟ್ಟ ಮೇಲೆ ಇನ್ನೊಂದರಲ್ಲಿ ಬಿತ್ತಿ ತಾವೇ ನೋಡಲಿ.

ಎಲ್ಲ ಬೀಜಕ್ಕೂ ಒಂದೇ ಮದ್ದು ಇರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ತೇಗದ ಬೀಜವನ್ನು ಹಲವು ದಿನ ನೆನೆಸಿ ಒಣಗಿಸಿ, ನೆನೆಸಿ ಒಣಗಿಸಿ ಹದ ಮಾಡುತ್ತಾರೆ. ಬೇವಿನ ಬೀಜವಾದರೆ ಕಾದಷ್ಟೂ ಜೀವ ಕಳೆದುಕೊಳ್ಳುತ್ತದೆ, ಕೆಲವೇ ವಾರಗಳಲ್ಲಿ ಬಿತ್ತಬೇಕು. ಹಲಸಿನ ಬೀಜ ಒಣಗಿದರೆ ಸತ್ತಂತೆಯೇ. ಹಲಸಿನಲ್ಲಿ ಪಳಗಿದವರು ಅದೇ ಆತುರವನ್ನು ಶ್ರೀಗಂಧಕ್ಕೂ ತೋರಿಸಿದರೆ ನಿಮ್ಮ ಕುಂಡದ ಸ್ಥಿತಿಯೇ ಆಗುತ್ತದೆ.

ಎರಡು ತಿಂಗಳು ಕಾಯುವ ತಾಳ್ಮೆ ಇಲ್ಲದವರು ಲೀಟರಿಗೆ ಅರ್ಧ ಗ್ರಾಂ ಜಿಬ್ಬರೆಲಿಕ್ ಆಮ್ಲ ಬಳಸಬಹುದು. ಪುಡಿ ನೇರವಾಗಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ ನೀರಿಗೆ ಬೆರೆಸಬೇಕು. ಬಿತ್ತುವ ಮಡಿಯಲ್ಲಿ ಮೂರು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು ಇರಲಿ. ಇಲಿ, ಅಳಿಲುಗಳಿಗೆ ಈ ಬೀಜದ ತಿರುಳು ಪ್ರಾಣ, ಆದ್ದರಿಂದ ಮಡಿಯ ಮೇಲೆ ತಂತಿಬಲೆ ಹಾಸದಿದ್ದರೆ ನೀವು ಬಿತ್ತಿದ್ದು ಅವುಗಳಿಗೇ.

ಮೊಳಕೆ ಬಂದ ಮೇಲೆ ಸಸಿ ಸಾಯುವುದಕ್ಕೆ ಮೊದಲ ಕಾರಣ ಅತಿಯಾದ ಪ್ರೀತಿ, ಅಂದರೆ ಅತಿಯಾದ ನೀರು. ನೀರು ನಿಂತ ಮಣ್ಣಿನಲ್ಲಿ ಶಿಲೀಂಧ್ರ ಬೆಳೆದು, ಎಳೆಯ ಕಾಂಡ ಬುಡದಲ್ಲಿ ಕೊಳೆತು, ನಿನ್ನೆ ನೆಟ್ಟಗಿದ್ದ ಸಸಿ ಇಂದು ಬೆಳಿಗ್ಗೆ ಮಲಗಿರುತ್ತದೆ. ಬಾಡಿದೆ ಎಂದುಕೊಂಡು ಇನ್ನಷ್ಟು ನೀರು ಹಾಕುವವರನ್ನು ಕಂಡು ನನಗೆ ಸಾಕಾಗಿದೆ. ಚಿಪ್ಪನ್ನು ತಲೆಯ ಮೇಲೆ ಹೊತ್ತು ಎದ್ದ ಸಸಿಗೆ ಸಹಾಯ ಮಾಡುತ್ತೇನೆಂದು ಅದನ್ನು ಬೆರಳಿನಿಂದ ಕೀಳುವುದೂ ಬೇಡ. ಮೊದಲ ದಿನಗಳ ಆಹಾರ ಅದರೊಳಗೇ ಇರುತ್ತದೆ. ನಾಲ್ಕರಿಂದ ಆರು ಎಲೆ ಬಂದಾಗ, ಬೇರಿಗೆ ಗಾಳಿ ತಾಗಿ ಒಣಗದಂತೆ, ಸಂಜೆಯ ಹೊತ್ತಿನಲ್ಲಿ ಪಾಲಿಥೀನ್ ಚೀಲಕ್ಕೆ ಎತ್ತಿ ನೆಡಬೇಕು, ಒಂದು ವಾರ ನೆರಳು ಕೊಡಬೇಕು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಚೆನ್ನಾಗಿ ಮೊಳೆತು, ನಾಲ್ಕು ಎಲೆ ಬಿಟ್ಟು, ಗೊಬ್ಬರ ನೀರು ಎಲ್ಲ ಸಿಕ್ಕಿದ ಸಸಿ ಆಮೇಲೆ ಏಕೆ ಹಳದಿಯಾಗಿ ಸೊರಗುತ್ತದೆ? ಶ್ರೀಗಂಧ ಅರ್ಧ ಪರಾವಲಂಬಿ. ಹಸಿರೆಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಮತ್ತು ಖನಿಜಗಳಿಗಾಗಿ ಪಕ್ಕದ ಗಿಡದ ಬೇರಿಗೆ ತನ್ನ ಹೀರುಬೇರುಗಳನ್ನು ಅಂಟಿಸಿಕೊಳ್ಳುತ್ತದೆ. ಹೀಗೆ ಅದು 300ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಆಶ್ರಯಿಸುವುದನ್ನು ದಾಖಲಿಸಿದ್ದಾರೆ. ಒಂಟಿ ಸಸಿ ಬೀಜದ ಬುತ್ತಿ ಮುಗಿಯುವವರೆಗೆ ನಗುನಗುತ್ತಿದ್ದು ಆಮೇಲೆ ನಿಂತಲ್ಲೇ ನಿಲ್ಲುತ್ತದೆ. ಅದಕ್ಕಾಗಿಯೇ ನರ್ಸರಿಯ ಚೀಲದಲ್ಲಿ ಶ್ರೀಗಂಧದ ಜೊತೆಗೆ ಒಂದು ತೊಗರಿ ಗಿಡವೋ ಹೊನಗೊನೆ ಸೊಪ್ಪೋ ಇರುತ್ತದೆ. ಅದನ್ನು ಕಳೆ ಎಂದು ಕಿತ್ತೆಸೆದು, ಸಸಿ ಒಣಗಿತು ಎಂದು ನರ್ಸರಿಯವರನ್ನು ಬಯ್ಯುವವರಿದ್ದಾರೆ. ತೊಗರಿಯನ್ನು ಆಗಾಗ ಸವರಬೇಕು, ಕೀಳಬಾರದು. ಹೊಲಕ್ಕೆ ಹೋದ ಮೇಲೆ ಹೊಂಗೆ, ಸರ್ವೆಯಂಥ ಬಹುಕಾಲ ಬಾಳುವ ಆಸರೆಯ ಮರ ಬೇಕು.

ಈಗ ಬೇಲಿಯ ಸಾಲಿಗೆ ಮರಳಿ ಹೋಗೋಣ. ಹಕ್ಕಿ ಹಣ್ಣು ತಿಂದು ಬಯಲಿನಲ್ಲಿ ಕೂರುವುದಿಲ್ಲ, ಬೇಲಿಯ ಮೇಲೆ, ಪೊದೆಯ ಮೇಲೆ, ಮರದ ಕೊಂಬೆಯ ಮೇಲೆ ಕೂರುತ್ತದೆ. ಹಿಕ್ಕೆ ಹಾಕುವುದೂ ಅಲ್ಲಿಯೇ. ಹಾಗೆ ಬಿದ್ದ ಬೀಜಕ್ಕೆ ಎಳವೆಯಲ್ಲಿ ಬೇಕಾದ ಅರೆನೆರಳು, ದನ ಕುರಿ ಬಾಯಿ ಹಾಕದಂತೆ ಮುಳ್ಳಿನ ಕಾವಲು, ಬೇರು ಚಾಚಿದಲ್ಲೆಲ್ಲ ಆಸರೆಯ ಬೇರುಗಳು ಒಟ್ಟಿಗೆ ಸಿಗುತ್ತವೆ. ತಾಯಿಮರದ ಕೆಳಗಿನ ಪೈಪೋಟಿಯೂ ಇರುವುದಿಲ್ಲ. ಹಕ್ಕಿಯ ನಿಜವಾದ ಉಪಕಾರ ಇದು: ಅದು ಬೀಜವನ್ನು ಬದಲಾಯಿಸುವುದಿಲ್ಲ, ಬೀಜದ ಜಾಗವನ್ನು ಬದಲಾಯಿಸುತ್ತದೆ. ನಮ್ಮ ಹಿರಿಯರು ಕಂಡದ್ದು ಮೊಳೆಯುವಿಕೆಯ ರಹಸ್ಯವಲ್ಲ, ಉಳಿಯುವಿಕೆಯ ರಹಸ್ಯ.

ಆದ್ದರಿಂದ ಹಿಕ್ಕೆ ಹುಡುಕುವ ಕೆಲಸ ಬಿಡಿ. ನಿಮ್ಮ ಕುಂಡವನ್ನು ಅರೆನೆರಳಿನಲ್ಲಿಟ್ಟು, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಚಿಮುಕಿಸುತ್ತಾ, ಬಿತ್ತಿದ ದಿನದಿಂದ ಕನಿಷ್ಠ ಐದು ತಿಂಗಳು ಕಾಯಿರಿ. ಎರಡು ತಿಂಗಳು ನಿದ್ದೆಗೆ, ಮೂರು ತಿಂಗಳು ಮೊಳೆಯುವುದಕ್ಕೆ. ಮೊದಲ ಸಸಿ ಕಾಣಿಸಿಕೊಂಡ ದಿನವೇ ಬೇರೆ ಚೀಲಗಳಲ್ಲಿ ಒಂದೆರಡು ಕಾಳು ತೊಗರಿ ಹಾಕಿಡಿ, ಶ್ರೀಗಂಧವನ್ನು ಅಲ್ಲಿಗೆ ಎತ್ತಿ ನೆಡುವ ಹೊತ್ತಿಗೆ ಅದರ ಬೇರು ಸಿದ್ಧವಾಗಿರುತ್ತದೆ.